ಮುಳಬಾಗಿಲಿಗೆ ಹೋದ ಹನ್ನೊಂದು ಸಾವಿರ ಜನ

ಈವರೆಗೆ ನಾನು ಕಂಪನಿ ಬಸ್ಸಿನಲ್ಲಿ ಮೂರು ಸಲ ಅತ್ತಿದ್ದೇನೆ. ಮೂರು ಸಲವೂ ಒಂದೇ ಪುಟಕ್ಕೆ. ಮೊದಲನೆಯ ಸಲ ಮುಂದಿನ ಸೀಟಿನವರು ನಮ್ಮ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು, ಡ್ರೈವರಿಗೆ ಹೇಳಿ ಹಾಡು ನಿಲ್ಲಿಸಿದರು. ಎರಡನೆಯ ಸಲ ಕಣ್ಣಿಗೆ ಧೂಳು ಬಿತ್ತು ಎಂದೆ. ಬಸ್ಸು ಏಸಿ, ಕಿಟಕಿ ತೆಗೆಯುವ ಹಾಗೇ ಇಲ್ಲ. ಮೂರನೆಯ ಸಲ ಇವನದು ಇದ್ದದ್ದೇ ಎಂದು ಎಲ್ಲರೂ ಫೋನು ನೋಡಿಕೊಂಡರು. ನಲವತ್ತು ದಾಟಿದ, ನರಸಾಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ, ದಪ್ಪ ಮೀಸೆಯ ಗಂಡಸು, ಎಲ್ಲೂ ಇಲ್ಲದ ದೇಶದಲ್ಲಿ ಎಂದೂ ಹುಟ್ಟದ ಹೆಂಗಸೊಬ್ಬಳು ಸತ್ತಳೆಂದು ಅಳುತ್ತಿದ್ದಾನೆ ಎಂದು ಅವರಿಗೆ ಹೇಳುವುದಾದರೂ ಹೇಗೆ?

ನಮ್ಮ ವಂಶದಲ್ಲಿ ಬಿ.ಎ. ಮಾಡಿದವರಲ್ಲಿ ನಾನೇ ಮೊದಲಿಗ. ಈ ಮಾತು ಹೇಳದೆ ನಾನು ಸೊಪ್ಪಿನ ಸಾರು ಚೆನ್ನಾಗಿದೆ ಎಂದೂ ಹೇಳುವುದಿಲ್ಲ ಎಂದು ನನ್ನ ಹೆಂಡತಿ ಸುಜಾತ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಊರಿಂದ ಟೇಕಲ್ ಸ್ಟೇಷನ್ನಿಗೆ ನಡೆದು, ಪ್ಯಾಸೆಂಜರ್ ಗಾಡಿ ಹಿಡಿದು, ಮಾಲೂರಿನ ಕಾಲೇಜಿಗೆ ಮೂರು ವರ್ಷ ಹೋಗಿಬಂದವನಿಗೆ ಗೊತ್ತು ಅದರ ಕಷ್ಟ. ಮನೆಯಲ್ಲಿ ಅಕ್ಷರ ಅಂತ ಇದ್ದದ್ದು ಗೊಬ್ಬರದ ಚೀಲದ ಮೇಲೆ ಮಾತ್ರ. ಅದನ್ನೂ ನಾನೇ ಓದಿ ಹೇಳಬೇಕಿತ್ತು. ಹಾಗಾಗಿ ಪುಸ್ತಕ ಕಂಡರೆ ನನಗೆ ಈಗಲೂ ಒಂದು ಹಸಿವು. ಅದರಲ್ಲೂ ದಪ್ಪ ಪುಸ್ತಕ ಕಂಡರೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೂ ಕೂತುಬಿಡೋಣ ಅನ್ನಿಸುವಂಥ ಹಸಿವು.

ನನ್ನನ್ನು ಅಳಿಸಿದ ಪುಸ್ತಕ ಮೂರು ಸಂಪುಟದ್ದು. ಒಟ್ಟು ಎರಡು ಸಾವಿರದ ಇನ್ನೂರು ಚಿಲ್ಲರೆ ಪುಟ. ಒಂಬತ್ತು ವರ್ಷದಿಂದ ಸೂರ್ಯ ಹುಟ್ಟದ ಒಂದು ದೇಶ. ಅಲ್ಲಿ ಏಳು ಕೋಟೆ, ಏಳು ರಾಜವಂಶ, ಏಳೂ ಒಂದಕ್ಕಿಂತ ಒಂದು ಕೆಟ್ಟದ್ದು. ನೆರಳನ್ನು ಕುಡಿಯುವ ಒಬ್ಬಳು ರಾಣಿ. ಹಕ್ಕಿಗಳಿಗೆ ಕಣ್ಣಿಲ್ಲ. ಬಾವಿಗಳಲ್ಲಿ ನೀರಿನ ಬದಲು ಹಳೆಯ ಮಾತುಗಳು. ಪುಟಕ್ಕೆ ಒಬ್ಬ ಸಾಯುತ್ತಾನೆ, ಯುದ್ಧ ಬಂದರೆ ಲೆಕ್ಕ ತಪ್ಪುತ್ತದೆ. ಇಷ್ಟೆಲ್ಲದರ ನಡುವೆ, ಕೆರೆಯ ಮಧ್ಯದ ಕಲ್ಲು ಮಂಟಪದಲ್ಲಿ ಒಂದು ದೀಪ. ಅದನ್ನು ಕಾಯುವವಳು ಸೊಡರಿ ಎಂಬ ಕುಂಟು ಕಾಲಿನ ಹುಡುಗಿ. ಮೊದಲನೆಯ ಸಂಪುಟದಲ್ಲಿ ಅವಳಿಗೆ ಹದಿನಾಲ್ಕು, ಮೂರನೆಯದು ಮುಗಿಯುವ ಹೊತ್ತಿಗೆ ಇಪ್ಪತ್ತಮೂರು. ಮೂರನೆಯದರ ಕೊನೆಯ ಪುಟದಲ್ಲಿ ಅವಳು ಸಾಯುತ್ತಾಳೆ.

ಅತ್ತದ್ದು ನನ್ನ ಕಷ್ಟವಲ್ಲ. ಜೊತೆಗೆ ಅಳುವವರು ಇಲ್ಲದ್ದು ಕಷ್ಟ. ಸಿನಿಮಾ ನೋಡಿದರೆ ಊರೆಲ್ಲ ನೋಡಿರುತ್ತಾರೆ, ಕ್ರಿಕೆಟ್ಟಿನಲ್ಲಿ ಸೋತರೆ ಬಸ್ಸಿಡೀ ಬೈಯುತ್ತದೆ. ಆದರೆ ಎರಡು ಸಾವಿರದ ಇನ್ನೂರು ಪುಟ ಓದಿ ಮುಗಿಸಿದವನು ಒಂದು ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಕೆಳಗೆ ಊರು ಕಾಣುತ್ತದೆ, ಕೂಗಿದರೆ ಕೇಳಿಸುವುದಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ಆ ಪುಟದವರೆಗೆ ಬಂದು, ನನ್ನ ಮುಖ ನೋಡಿ, "ಹೌದು ಕಣೋ, ಅಲ್ಲಿ ನನಗೂ ಹಂಗೇ ಆಯ್ತು" ಅಂದರೆ ಸಾಕಾಗಿತ್ತು. ಅದಕ್ಕಾಗಿ ನಾನು ಒಂದೂವರೆ ವರ್ಷ ಪಟ್ಟ ಪಾಡು ಕಮ್ಮಿಯಲ್ಲ.

ಮೊದಲು ಹಿಡಿದದ್ದು ಸುಜಾತಳನ್ನು. ಮನೆಯಲ್ಲೇ ಇರುವ ಓದುಗಾರ್ತಿ, ತಪ್ಪಿಸಿಕೊಂಡು ಎಲ್ಲಿಗೆ ಹೋದಾಳು ಎಂದುಕೊಂಡೆ. ನಲವತ್ತು ಪುಟ ಓದಿ ಪುಸ್ತಕ ಮಡಿಸಿಟ್ಟಳು.

"ಇದರಲ್ಲಿ ಒಬ್ಬರಾದ್ರೂ ನಗ್ತಾರಾ?"

"ಮುನ್ನೂರ ಹನ್ನೆರಡನೇ ಪುಟದಲ್ಲಿ ಒಬ್ಬ ನಗ್ತಾನೆ," ಎಂದೆ.

"ಆಮೇಲೆ?"

"ಆಮೇಲೆ ಸಾಯ್ತಾನೆ."

"ಕತ್ತಲೆ ನೋಡೋಕೆ ಪುಸ್ತಕ ಯಾಕೆ ಬೇಕು ರೀ? ಮೋಟರಿಗೆ ಮಾತ್ರ ಕರೆಂಟ್ ಕೊಟ್ಟು ಮನೆಗೆ ತೆಗೀತಾರಲ್ಲ, ಆವಾಗ ಕೂತ್ಕೊಂಡು ನೋಡಿದ್ರಾಯ್ತು," ಎಂದಳು. ಅಲ್ಲಿಗೆ ಅವಳ ವಿಮರ್ಶೆ ಮುಗಿಯಿತು.

ಆಮೇಲೆ ನಯಾಜ್. ನನ್ನ ಜೊತೆ ಸ್ಟೋರ್ಸಿನಲ್ಲೇ ಕೆಲಸ, ಬಸ್ಸಿನಲ್ಲಿ ಪಕ್ಕದ ಸೀಟು. ಮಾಲೂರಿನವನು. ಅವರ ತಂದೆ ತಗಡಿನ ಕೆಲಸದವರು, ನಮ್ಮ ಕಡೆ ಎಲ್ಲ ಮನೆಯ ಡಬ್ಬಿಗಳೂ ಅವರ ಕೈಯಲ್ಲೇ ಆದವು. ಮನೆಯಲ್ಲಿ ದಖ್ನಿ ಮಾತಾಡುವ ಹುಡುಗ ಕನ್ನಡವನ್ನು ನೀರು ಕುಡಿದ ಹಾಗೆ ಓದುತ್ತಾನೆ. ಹದಿನೈದು ದಿನದಲ್ಲಿ ಮೊದಲನೆಯ ಸಂಪುಟ ಕೊನೆ ಮುಟ್ಟಿಸಿದ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾರನೆಯ ದಿನ ಎರಡನೆಯ ಸಂಪುಟ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅವನು ಕೈ ಮುಗಿದ.

"ಬೇಡ ಭಯ್ಯಾ. ಆ ಕುದುರೆ ಲಾಯದೋನು ಎಷ್ಟು ಒಳ್ಳೇ ಮನುಷ್ಯ. ಅವನನ್ನೇ ಬರೆದೋನು ತೆಗೆದುಬಿಟ್ಟ. ಅವನ ತಂಗಿ ಮೇಲೆ ಮನಸ್ಸಿಟ್ಟೆ, ಅವಳನ್ನೂ ತೆಗೆದ. ಕೊನೆಗೆ ಬೇಜಾರಾಗಿ ಕುದುರೆ ಮೇಲೆ ಮನಸ್ಸಿಟ್ಟೆ..."

"ಕುದುರೆ ಸಾಯೋದು ಎರಡನೇ ಭಾಗದಲ್ಲಿ," ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

"ನೋಡಿದ್ರಾ! ನನ್ನ ಕಣ್ಣು ಯಾರ ಮೇಲೆ ಬಿತ್ತೋ ಅವರು ಕೆಟ್ಟರು. ನಾನು ಓದೋದು ಬಿಟ್ರೆ ಮಿಕ್ಕಿದೋರಾದ್ರೂ ಬದುಕ್ಕೊತಾರೆ." ಎರಡನೆಯ ಸಂಪುಟ ಬ್ಯಾಗಿನಲ್ಲೇ ಮನೆಗೆ ವಾಪಸು ಬಂತು.

ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು ಒಂದು ಸಂಜೆ ಸಿಕ್ಕಿದರು. ಪುಸ್ತಕ ಓದಿಲ್ಲ ಎಂದರು. ಆದರೆ ಅದು ಯಾಕೆ ಸರಿಯಿಲ್ಲ ಎಂದು ಮೂರು ಬಸ್ಸು ಬಿಟ್ಟು ವಿವರಿಸಿದರು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬರು ಐದು ನಕ್ಷತ್ರ ಕೊಟ್ಟಿದ್ದರು. ಎದೆ ಹಿಗ್ಗಿ ಕೆಳಗೆ ನೋಡಿದರೆ, "ಒಳ್ಳೆಯ ಪ್ಯಾಕಿಂಗ್, ಮೂಲೆ ಮಡಚಿಲ್ಲ" ಎಂದಿತ್ತು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು, "ಅರ್ಧ ಮಂಜು, ಅರ್ಧ ಹೆಣ" ಎಂದು ಬರೆದಿದ್ದರು. ಮತ್ತೊಬ್ಬರಿಗೆ ಕತೆ ಇಷ್ಟವಾಗಿತ್ತು. ಆದರೆ ಮಲಗಿ ಓದುವಾಗ ಪುಸ್ತಕ ಮೂಗಿನ ಮೇಲೆ ಬಿದ್ದದ್ದಕ್ಕೆ ಎರಡು ನಕ್ಷತ್ರ ಕಡಿಮೆ. ಇಷ್ಟು ಜನರಲ್ಲಿ ಒಬ್ಬರೂ ಸೊಡರಿಯ ಹೆಸರೆತ್ತಿರಲಿಲ್ಲ. ಕೊನೆಯವರೆಗೆ ಹೋಗಿದ್ದರೆ ತಾನೇ!

ಈ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡನೆಯ ಸಂಪುಟ ಕಾಣೆಯಾಯಿತು. ಹುಡುಕಿ ಹುಡುಕಿ ಸುಸ್ತಾಗಿ ಹುಳುಮನೆಗೆ ಹೋದರೆ ಅಲ್ಲಿತ್ತು. ನಮ್ಮದು ರೇಷ್ಮೆ ಮನೆ. ನೌಕರಿ ಇದ್ದರೂ ಹಿಪ್ಪುನೇರಳೆ ತೋಟ ಬಿಟ್ಟಿಲ್ಲ. ಹುಳು ಸಾಕುವ ಕೋಣೆಗೆ ಊಜಿ ನೊಣ ನುಗ್ಗಬಾರದೆಂದು ಬಾಗಿಲಿಗೆ ನೈಲಾನ್ ಬಲೆ ಇಳಿಬಿಟ್ಟಿರುತ್ತೇವೆ. ಆ ಬಲೆ ಗಾಳಿಗೆ ಹಾರದಂತೆ ತುದಿಯ ಮೇಲೆ ಒಂದು ಇಟ್ಟಿಗೆ ಇರುತ್ತಿತ್ತು. ಇಟ್ಟಿಗೆ ಒಡೆದಿತ್ತಂತೆ. ಸುಜಾತ ಏಳು ರಾಜವಂಶಗಳನ್ನು ತಂದು ಅಲ್ಲಿಟ್ಟಿದ್ದಳು.

ಪುಸ್ತಕ ಎತ್ತಿಕೊಂಡು ಧೂಳು ಒರೆಸುತ್ತಿದ್ದೆ. ಒಳಗೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ, "ಏನ್ಲಾ ಅದು, ಕೂಸಿನ ಮುಖ ಒರೆಸ್ದಂಗೆ ಒರೆಸ್ತೀಯ?" ಎಂದಳು.

"ಕತೆ ಪುಸ್ತಕ ಅಮ್ಮ. ಯಾರೂ ಓದ್ತಿಲ್ಲ."

"ಗಟ್ಟಿಗೆ ಓದು ನಾಯನಾ. ನನಗೂ ಕೈ ಸಾಗ್ತದೆ."

ನಮ್ಮಮ್ಮನಿಗೆ ಓದು ಬರುವುದಿಲ್ಲ. ಹುಳು ಯಾವ ದಿನ ಪೊರೆ ಬಿಡುವ ಎರಡನೇ ಜ್ವರಕ್ಕೆ ಬಿದ್ದವು, ಯಾವ ತಟ್ಟೆಯವು ತಡವಾಗಿ ಎದ್ದವು ಎಂಬುದು ಮೂರು ವರ್ಷದ ಹಿಂದಿನದಾದರೂ ತಲೆಯಲ್ಲಿರುತ್ತದೆ. ಆದರೆ ಕಾಗದದ ಮೇಲಿನದು ಅವಳಿಗೆ ಇರುವೆ ಸಾಲು. ನನ್ನ ಮನಸ್ಸಿಗೆ ಅವಳು ಓದುಗಾರ್ತಿಯಾಗಿ ಹೊಳೆದೇ ಇರಲಿಲ್ಲ. ಬಿ.ಎ. ಮಾಡಿದವನ ಕುರುಡು ಅಂದರೆ ಇದೇ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ಹೊಟ್ಟೆಬಾಕತನ ಬರುತ್ತದೆ. ಆ ಒಂದು ವಾರ ನಾನು ಪ್ರತಿ ಬೆಳೆಗೂ ರಜೆ ಹಾಕಿ ಮನೆಯಲ್ಲಿರುತ್ತೇನೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಓಡಿಹೋಗಿ ಮೊದಲನೆಯ ಸಂಪುಟ ತಂದೆ, ಸೊಪ್ಪಿನ ರಾಶಿಯ ಪಕ್ಕ ಕೂತು ಶುರು ಮಾಡಿದೆ.

ಮೂರನೆಯ ಪುಟದಲ್ಲಿ ರಾಜನ ತಮ್ಮನ ತಲೆ ಹಾರಿತು. ಅಮ್ಮ ಕೈಯಲ್ಲಿದ್ದ ರೆಂಬೆ ಬಿಸಾಕಿ, "ಥೂ, ಮುಚ್ಚು ಬಾಯಿ! ಹುಳುಮನೇಲಿ ಸಾಯೋ ಮಾತಾ?" ಎಂದಳು.

ಮರೆತೇಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಹುಳುಮನೆಯೊಳಗೆ ಸಾವಿನ ಮಾತು ಆಡುವುದಿಲ್ಲ. ಅಜ್ಜಿಯ ಕಾಲದ ಕಟ್ಟಳೆ. ಹುಳುಗಳಿಗೆ ಎಲ್ಲವೂ ಕೇಳುತ್ತದಂತೆ, ಕೇಳಿಸಿಕೊಂಡರೆ ಕಲಿಯುತ್ತವಂತೆ. ಹುಳು ಸತ್ತರೂ ಸತ್ತಿತು ಅನ್ನುವಂತಿಲ್ಲ, "ಇಳಿದುಹೋಯ್ತು" ಅನ್ನಬೇಕು. ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನು ಅಂಗಳದಲ್ಲೇ ಹೇಳಿ ಮುಗಿಸಿ, ಕೈಕಾಲು ತೊಳೆದು ಒಳಗೆ ಬರಬೇಕು. ಇಂಥ ಕಡೆ ನಾನು ಪುಟಕ್ಕೊಬ್ಬ ಸಾಯುವ ಪುಸ್ತಕ ಹಿಡಿದು ಕೂತಿದ್ದೆ. ಸುಮ್ಮನೆ ಎದ್ದು ಹೋಗಬಹುದಿತ್ತು. ಆದರೆ ಒಂದೂವರೆ ವರ್ಷದ ಹಸಿವು ಬಿಡಬೇಕಲ್ಲ.

"ಸಾಯ್ಲಿಲ್ಲಮ್ಮ," ಎಂದೆ. "ರಾಜನ ತಮ್ಮ ಮುಳಬಾಗಿಲಿಗೆ ಹೋದ."

ಬಾಯಿಗೆ ಬಂದ ಊರು ಅದು. ಅಮ್ಮ ರೆಂಬೆ ಎತ್ತಿಕೊಂಡು, "ಹಂಗೆ ಹೇಳು. ಬಸ್ಸಲ್ಲಾ, ನಡ್ಕೊಂಡಾ?" ಎಂದಳು.

ಅಲ್ಲಿಂದ ದಾರಿ ಸಲೀಸಾಯಿತು. ಸೇನಾಪತಿ ಮುಳಬಾಗಿಲಿಗೆ ಹೋದ. ನಯಾಜನ ಕುದುರೆ ಲಾಯದವನು ತಂಗಿಯನ್ನು ಕರೆದುಕೊಂಡು ಮುಳಬಾಗಿಲಿಗೆ ಹೋದ. ವಿಷ ಹಾಕಿದ ಪಾಯಸ ಕುಡಿದ ಇಡೀ ಮದುವೆ ದಿಬ್ಬಣ, ಗಂಡು ಹೆಣ್ಣಿನ ಸಮೇತ, ಮುಳಬಾಗಿಲಿಗೆ ಹೋಯಿತು. ಎರಡನೆಯ ಸಂಪುಟದ ದೊಡ್ಡ ಯುದ್ಧ ಬಂದಾಗ ನನಗೇ ಕೊಂಚ ಅಳುಕಿತ್ತು. ಆದರೂ ಧೈರ್ಯ ಮಾಡಿ, "ಹನ್ನೊಂದು ಸಾವಿರ ಜನ ಒಂದೇ ದಿನ ಮುಳಬಾಗಿಲಿಗೆ ಹೋದರು," ಎಂದು ಓದಿದೆ.

"ಅಯ್ಯೋ ದೇವ್ರೇ, ಏನ್ ವಿಶೇಷ ಅಲ್ಲಿ?"

"ವಿಶೇಷ ಏನಿಲ್ಲ. ಹೋದ್ರು."

"ಹೊಡೆದಾಡ್ತಿದ್ದ ಎರಡು ಕಡೆಯೋರೂ ಒಂದೇ ಊರಿಗೆ ಹೋದ್ರೆ ಅಲ್ಲೂ ಹೊಡೆದಾಡಲ್ವಾ? ನಿನ್ನ ಪುಸ್ತಕದೋನಿಗೆ ಅಷ್ಟೂ ಬುದ್ಧಿ ಬೇಡ್ವಾ?"

ಮಾತು ಸರಿಯಾಗಿತ್ತು. ಅಂದಿನಿಂದ ಒಳ್ಳೆಯವರನ್ನು ಮಾತ್ರ ಮುಳಬಾಗಿಲಿಗೆ ಕಳಿಸಿ, ಕೆಟ್ಟವರನ್ನು ಶ್ರೀನಿವಾಸಪುರದ ಕಡೆ ಯಲ್ದೂರಿನ ಮಾವಿನ ತೋಪುಗಳಿಗೆ ತಿರುಗಿಸಿದೆ. ಮೂರು ದಿನ ಎಲ್ಲ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಬಾಗಿಲ ಬಲೆಯ ಆಚೆ ಸುಜಾತ ಕಾಫಿ ಲೋಟ ಹಿಡಿದು ನಿಂತಿದ್ದನ್ನು ನೋಡದೆ, ನೆರಳು ಕುಡಿಯುವ ರಾಣಿಯ ಇಬ್ಬರು ಗಂಡಂದಿರನ್ನೂ ಒಟ್ಟಿಗೆ ಯಲ್ದೂರಿಗೆ ಕಳಿಸಿಬಿಟ್ಟೆ. ಸುಜಾತಳ ತವರು ಯಲ್ದೂರು.

"ಕೊಲೆಗಡುಕರೆಲ್ಲ ನಮ್ಮೂರಿಗಾ? ನಮ್ಮಪ್ಪನ ತೋಪಲ್ಲಿ ಇಳಿಸ್ಕೊತೀರಾ?" ಎಂದಳು. ಆ ದಿನ ಕಾಫಿ ಸಿಗಲಿಲ್ಲ.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಒಳಗೊಳಗೇ ನನಗೆ ಒಂದು ಆಸೆ ಬೆಳೆಯುತ್ತಿತ್ತು. ಅಮ್ಮ ಕೇಳುವ ರೀತಿಯೇ ಬೇರೆ. ಮೇಷ್ಟ್ರು ಕೇಳದ ಪ್ರಶ್ನೆ ಕೇಳುತ್ತಿದ್ದಳು. ಒಂಬತ್ತು ವರ್ಷ ಬಿಸಿಲಿಲ್ಲದೆ ರಾಗಿ ಹೇಗೆ ಒಣಗಿಸಿದರು? ಕಣ್ಣಿಲ್ಲದ ಹಕ್ಕಿ ಮರಿಗೆ ಗುಟುಕು ಕೊಡುವುದು ಹೇಗೆ? ಸೊಡರಿಯ ವಿಷಯ ಬಂದರೆ ಮಾತ್ರ ಏನೂ ಕೇಳದೆ, ಸೊಪ್ಪು ಬಿಡಿಸುವ ಕೈ ನಿಲ್ಲಿಸಿ ಕೂರುತ್ತಿದ್ದಳು. ರಜೆ ಮುಗಿಸಿ ನಾನು ಕೆಲಸಕ್ಕೆ ಹೋಗಿ ಬಂದ ಸಂಜೆ, "ಆ ದೀಪದ ಹುಡುಗಿ ಚಳೀಲಿ ಕೂತಿದ್ಲಲ್ಲ, ಎದ್ಲಾ?" ಎಂದು ವಿಚಾರಿಸುವಳು, ಪಕ್ಕದ ಮನೆಯ ಬಾಣಂತಿಯನ್ನು ವಿಚಾರಿಸುವ ಹಾಗೆ. ಒಂದು ಬೆಳೆಯಾಯಿತು, ಎರಡಾಯಿತು. ಐದನೆಯ ಬೆಳೆಗೆ ಮೂರನೆಯ ಸಂಪುಟದ ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತೆವು. ಇಷ್ಟು ದೂರ ನನ್ನ ಜೊತೆ ಬಂದವರು ಲೋಕದಲ್ಲಿ ಅವಳೊಬ್ಬಳೇ.

ಸೊಡರಿಯನ್ನು ಮುಳಬಾಗಿಲಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮಿಕ್ಕವರ ಮಾತು ಬೇರೆ. ಇವಳು ಸತ್ತದ್ದು ಸತ್ತ ಹಾಗೇ ಅಮ್ಮನಿಗೆ ಗೊತ್ತಾಗಬೇಕು, ಗೊತ್ತಾಗಿ ಅವಳ ಕಣ್ಣು ತುಂಬಬೇಕು, ನಾವಿಬ್ಬರೂ ಕೂತು ಅಳಬೇಕು. ತಾಯಿಯನ್ನು ಅಳಿಸಲು ಹೀಗೆ ಹೊಂಚು ಹಾಕಿದ ಮಗ ತಾಲ್ಲೂಕಿನಲ್ಲೇ ಇರಲಾರ. ಹುಳುಮನೆಯಲ್ಲಿ ಆಗದ ಮಾತು. ಹುಳು ಮೇವು ಬಿಟ್ಟು ಹಣ್ಣಾಗುವವರೆಗೆ ಕಾದೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟೆವು. ಬಿದಿರಿನ ಆ ಸುತ್ತುಗಳಲ್ಲಿ ಅವು ಗೂಡು ಕಟ್ಟತೊಡಗಿದವು. ಇನ್ನು ಸೊಪ್ಪಿಲ್ಲ, ಓಡಾಟವಿಲ್ಲ. ಭಾನುವಾರ ಬೆಳಗ್ಗೆ ಅಮ್ಮನನ್ನು ಅಂಗಳದ ಕಲ್ಲುಬೆಂಚಿಗೆ ಕರೆದುಕೊಂಡು ಬಂದೆ.

"ಅಮ್ಮ, ಒಂದು ತಪ್ಪು ಮಾಡಿದೀನಿ. ಇಷ್ಟು ದಿನ ಮುಳಬಾಗಿಲಿಗೆ ಹೋದ್ರು ಅಂತ ಹೇಳಿದ್ನಲ್ಲ, ಅವರೆಲ್ಲ ನಿಜವಾಗಿ..."

"ಸತ್ತಿದ್ರು," ಎಂದು ಅಮ್ಮ ವೀಳ್ಯದೆಲೆಗೆ ಸುಣ್ಣ ಸವರಿದಳು. "ಹನ್ನೊಂದು ಸಾವಿರ ಜನಕ್ಕೆ ಮುಳಬಾಗಿಲಲ್ಲಿ ಯಾರೋ ಅನ್ನ ಹಾಕ್ತಾರೆ? ಅಷ್ಟೂ ತಿಳೀದಾ ನನಗೆ? ಓದು, ಮುಂದಕ್ಕೆ ಓದು."

ಓದಿದೆ. ಒಂದಕ್ಷರ ಬದಲಿಸದೆ ಓದಿದೆ. ರಾಣಿ ಕೆರೆಯ ಮೇಲೆ ನಡೆದು ಬಂದದ್ದು, ಸೊಡರಿ ಕುಂಟು ಕಾಲೂರಿ ಎದ್ದು ನಿಂತದ್ದು, ಮಂಟಪ ಕುಸಿದದ್ದು, ದೀಪದ ಸಮೇತ ಅವಳು ನೀರಿಗೆ ಬಿದ್ದದ್ದು, ನೀರು ಮುಚ್ಚಿಕೊಂಡದ್ದು. ಕೊನೆಯ ಸಾಲಿಗೆ ನನ್ನ ದನಿ ಒಡೆಯಿತು. ಮೀಸೆಯೆಲ್ಲ ಒದ್ದೆ. ಒಂದೂವರೆ ವರ್ಷ, ಐದು ಬೆಳೆ ಕಾದ ಗಳಿಗೆ ಇದು. ತಲೆಯೆತ್ತಿ ಅಮ್ಮನ ಕಣ್ಣು ನೋಡಿದೆ.

ಒಣಗಿತ್ತು. ಬಾಯಲ್ಲಿ ಎಲೆ ಆಡುತ್ತಿತ್ತು.

"ದೀಪ ಯಾರಿಗೆ ಕೊಟ್ಲು?" ಎಂದಳು.

"ಯಾರಿಗೂ ಇಲ್ಲಮ್ಮ. ದೀಪದ ಸಮೇತ ಮುಳುಗಿದ್ಲು. ಸತ್ತೋದ್ಲು."

"ಆಗಲ್ಲ ಬಿಡು."

"ಆಗಲ್ಲ ಅಂದ್ರೆ? ಬರೆದಿದೆ ಇಲ್ಲಿ!"

"ಬರ್ಕೊಳ್ಲಿ. ಕೆಲಸ ಒಪ್ಪಿಸದೆ ಹೋಗೋ ಹೆಣ್ಣಲ್ಲ ಅವಳು. ಬಯಲು ಕಡೆಗೆ ಹೋಗ್ಬೇಕಾದ್ರೂ ದೀಪ ಯಾರ ಕೈಗಾದ್ರೂ ಕೊಟ್ಟೇ ಹೋಗ್ತಿದ್ಲು. ಮೀನು ಹಿಡಿಯೋ ಮುದುಕಿಗೆ ಕೊಟ್ಲು, ಆ ಕಳ್ಳನಿಗೂ ಕೊಟ್ಲು. ಕೊಟ್ಟು, ಎಣ್ಣೆ ಇಷ್ಟಿದೆ ನೋಡ್ಕೋ ಅಂತಿದ್ಲು. ಈವತ್ತು ಯಾರಿಗೂ ಕೊಡ್ಲಿಲ್ಲ ಅಂದ್ರೆ ಅವಳು ಎಲ್ಲಿಗೂ ಹೋಗಿಲ್ಲ ಅಂತ. ಬರ್ತಾಳೆ."

"ಅಮ್ಮ, ನಾನು ಮೂರು ಸಲ ಓದಿದೀನಿ."

"ನೀನು ಓದಿದೀಯ ನಾಯನಾ. ನಾನು ಕೇಳಿದೀನಿ," ಎಂದು ಎದ್ದು, ಚಂದ್ರಿಕೆಗೆ ಬಿಸಿಲು ತಾಗುತ್ತಿದೆಯೋ ನೋಡಲು ಹೋದಳು. ನಾನು ಒದ್ದೆ ಮೀಸೆ ಹೊತ್ತುಕೊಂಡು ಕಲ್ಲುಬೆಂಚಿನ ಮೇಲೆ ಒಬ್ಬನೇ ಉಳಿದೆ.

ಅವಮಾನವಾಯಿತು ಎಂದರೆ ಸುಳ್ಳಲ್ಲ. ಅಮ್ಮನ ತಪ್ಪು ತೋರಿಸಿಯೇ ತೀರಬೇಕೆಂದು ಅವತ್ತೇ ಪೆನ್ಸಿಲ್ ಹಿಡಿದು ಕೂತೆ. ಮೂರು ಸಂಪುಟ, ಮೂರು ವಾರ. ಸೊಡರಿ ಮಂಟಪ ಬಿಟ್ಟು ಹೊರಡುವ ಜಾಗಗಳು ಹತ್ತೊಂಬತ್ತು. ಹತ್ತೊಂಬತ್ತರಲ್ಲೂ ದೀಪ ಯಾರದ್ದಾದರೂ ಕೈಗೆ ಹೋಗಿತ್ತು. ಹತ್ತೊಂಬತ್ತರಲ್ಲೂ ಎಣ್ಣೆಯ ಮಾತಿತ್ತು. ಒಮ್ಮೆ ಸುತ್ತಮುತ್ತ ಯಾರೂ ಸಿಗದೆ ದೀಪವನ್ನು ಒಂದು ಕಪ್ಪೆಯ ಪಕ್ಕದಲ್ಲಿಟ್ಟು, ಕಪ್ಪೆಗೆ ಹೇಳಿ ಹೋಗಿದ್ದಳು. ಅದನ್ನು ಓದಿ ನಾನು ಮೂರು ಸಲವೂ ನಕ್ಕು ಮುಂದೆ ಹೋಗಿದ್ದೆ. ನರಸಾಪುರದಲ್ಲಿ ದಿನಾ ಶಿಫ್ಟು ಮುಗಿದಾಗ ಮುಂದಿನವನಿಗೆ ಬೀಗದ ಕೈಯ ಗೊಂಚಲು ಒಪ್ಪಿಸಿ ಸಹಿ ತೆಗೆದುಕೊಳ್ಳುವ ಮನುಷ್ಯ ನಾನು. ನನ್ನ ಕಣ್ಣಿಗೇ ಬೀಳಲಿಲ್ಲ ಅದು.

ಆಮೇಲೆ ಬಸ್ಸಿನಲ್ಲಿ ಆ ಕೊನೆಯ ಪುಟವನ್ನು ನಾಲ್ಕನೆಯ ಸಲ ತೆರೆದೆ. ಅಳು ಬರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ನೀರು ಮುಚ್ಚಿಕೊಂಡಿತು ಎಂಬ ಸಾಲಿನ ಕೆಳಗೆ ಉಳಿದ ಬಿಳಿಯ ಜಾಗವನ್ನು ಮಾಲೂರಿನಿಂದ ನರಸಾಪುರದವರೆಗೆ ನೋಡುತ್ತಾ ಕೂತೆ. ಜೊತೆಗೆ ಅಳುವವರು ಬೇಕೆಂದು ಊರೆಲ್ಲ ತಿರುಗಿದವನು, ಇದ್ದ ಒಂದು ಅಳುವನ್ನೂ ಕಳೆದುಕೊಂಡಿದ್ದೆ. ಅದರ ಜಾಗಕ್ಕೆ ಬಂದು ಕೂತದ್ದು ಅದಕ್ಕಿಂತ ಕೆಟ್ಟದ್ದು. ಅತ್ತರೆ ಮುಖ ತೊಳೆದುಕೊಳ್ಳಬಹುದು. ದಾರಿ ನೋಡುವವನು ಏನು ಮಾಡಬೇಕು?

ಅಮ್ಮನಿಗೆ ಈ ಬಾಧೆ ಇಲ್ಲ. ಬರುತ್ತಾಳೆ ಎಂದು ತೀರ್ಮಾನ ಕೊಟ್ಟು, ಆ ಬೆಳೆಯ ಗೂಡು ಬಿಡಿಸಿ, ಮುಂದಿನ ಬೆಳೆಗೆ ತಟ್ಟೆ ತೊಳೆದು ಒಣಗಲು ಹಾಕಿದ್ದಾಳೆ. ನಾನು ಮಾತ್ರ ಕಳೆದ ತಿಂಗಳು ಕೋಲಾರದ ಪುಸ್ತಕದ ಅಂಗಡಿಗೆ ಹೋಗಿ ನಾಲ್ಕನೆಯ ಸಂಪುಟ ಬಂತಾ ಎಂದು ಕೇಳಿದೆ.

"ನಾಲ್ಕನೇದು ಇಲ್ಲ ಸಾರ್. ಮೂರಕ್ಕೇ ಮುಗೀತು," ಎಂದ ಅಂಗಡಿಯವನು. ಮೂರನೆಯದನ್ನು ತೆಗೆದು ಕೊನೆಯ ಪುಟ ಬಿಡಿಸಿ ತೋರಿಸಿದ. ಬಿಳಿಯ ಜಾಗದ ಅಡಿಯಲ್ಲಿ 'ಮುಗಿಯಿತು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಅಚ್ಚಾದದ್ದನ್ನೆಲ್ಲ ನಂಬೋಕಾಗುತ್ತಾ?" ಎಂದು ಕೇಳಿದೆ. ನಮ್ಮ ವಂಶದ ಮೊದಲ ಬಿ.ಎ. ಆಡಿದ ಮಾತು ಇದು. ಅವನು ನನ್ನನ್ನು ಕೊಂಚ ಹೊತ್ತು ನೋಡಿ, ಜಗಳಕ್ಕೆ ಬರುವ ಮನುಷ್ಯನಲ್ಲ ಎಂದು ಖಾತ್ರಿ ಮಾಡಿಕೊಂಡು, "ಬಂದ್ರೆ ಹೇಳ್ತೀನಿ ಸಾರ್, ನಂಬರ್ ಕೊಡಿ," ಎಂದ. ಕೊಟ್ಟೆ. ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.

ಮುಂದಿನ ಶನಿವಾರದವರೆಗೂ ಅವನ ಫೋನು ಬರಲಿಲ್ಲ. ನಾನೇ ಮಾಡಿದೆ.